ಕಡಿಮೆ ಬಿದ್ದ ಮೂವತ್ತೆಂಟು ಗ್ರಾಂ

ಟಿಳಕವಾಡಿ, ಬೆಳಗಾವಿ
24 ಆಗಸ್ಟ್ 2000

ಗೆಳೆಯ ಗುರುಪುತ್ರಪ್ಪನಿಗೆ,

ಭರಮಣ್ಣನ ಶರಣು. ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಯಾರದೆಂದು ನಿನಗೆ ತಿಳಿದಿರಬೇಕು. ತಿಳಿದೂ ಒಡೆದು ಓದುತ್ತಿದ್ದೀಯಾದರೆ ಅದು ನನ್ನ ಪುಣ್ಯ. ಟಿಳಕವಾಡಿಯಿಂದ ನಿನ್ನ ಕಾಕತಿಗೆ ಸಿಟಿ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಅಷ್ಟು ದೂರಕ್ಕೆ ಈ ಪತ್ರ ಹದಿನಾಲ್ಕು ವರ್ಷ ತೆಗೆದುಕೊಂಡಿತು. ಟಪಾಲು ತಡವಾಯಿತೆಂದು ದೂರು ಕೊಡಬೇಕೆಂದರೂ ನಿನಗೆ ದಾರಿಯಿಲ್ಲ, ಈ ಭಾಗದ ದೂರುಗಳನ್ನು ವಿಚಾರಿಸುವ ಅಂಚೆ ಇನ್‌ಸ್ಪೆಕ್ಟರ್ ಈಗ ನಾನೇ.

ನಾವು ಕ್ಷೇಮ. ತ್ರಿವೇಣಿಗೆ ಮೊಣಕಾಲು ನೋವು, ನನಗೆ ಕನ್ನಡಕದ ನಂಬರು ಏರಿದೆ. ಬರುವ ಮಾರ್ಚಿಗೆ ನಿವೃತ್ತಿ. ನೀನು ನೌಕರಿ ಬಿಟ್ಟ ಮೇಲೆ ಊರಲ್ಲಿ ಹಿಟ್ಟಿನ ಗಿರಣಿ ಹಾಕಿದ್ದು, ಅದು ಚೆನ್ನಾಗಿ ನಡೆದದ್ದು ಆ ಕಡೆಯ ಜನ ಹೇಳಿ ಗೊತ್ತಿದೆ. ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂಬುದು ನಿನಗೂ ಗೊತ್ತು, ನನಗೂ ಗೊತ್ತು. ಆ ಮಾತಿಗೆ ಇನ್ನೂ ಧೈರ್ಯ ಬಂದಿಲ್ಲ. ಸದ್ಯಕ್ಕೆ ನಿನ್ನ ಬುದ್ಧಿ ಕೇಳಲು ಬರೆಯುತ್ತಿದ್ದೇನೆ.

ರಾಯಪ್ಪ ಎಂಬ ಟಪಾಲು ಚೀಲ ಹೊರುವವನ ಅನ್ನ ಈಗ ತಕ್ಕಡಿಯ ಮುಳ್ಳಿನ ಮೇಲೆ ನಿಂತಿದೆ. ಬರುವ ತಿಂಗಳು ಹದಿನೈದಕ್ಕೆ ವಿಚಾರಣೆ. ಅಷ್ಟರೊಳಗೆ ನಾನು ಕಾರಣ ಹುಡುಕಿಕೊಡದಿದ್ದರೆ ಅವನು ಕಳ್ಳನೆಂದು ಬರೆದು ಮನೆಗೆ ಕಳಿಸುತ್ತಾರೆ. ಮಳೆಯಲ್ಲಿ ಚೀಲ ಹೊತ್ತು ಖಾನಾಪುರದ ದಾರಿ ತುಳಿದವರಲ್ಲಿ ನಿನ್ನಷ್ಟು ಬಲ್ಲವರು ನಮ್ಮ ಕಚೇರಿಯಲ್ಲಿ ಈಗ ಯಾರೂ ಉಳಿದಿಲ್ಲ. ಕಥೆ ಮೊದಲಿನಿಂದ ಹೇಳುತ್ತೇನೆ.

ನಂದಗಡದ ಆಚೆ ಮೇಲಿನಹಟ್ಟಿ ಎಂಬ ಕುರುಬರ ಹಳ್ಳಿ. ಅಲ್ಲಿ ಮಾಯಕ್ಕ ಎಂಬ ಮುದುಕಿ. ಅವಳ ನೆಗೆಣ್ಣಿ ನೀಲಾ ಬೆಳಗಾವಿಯ ಶಹಾಪುರದಲ್ಲಿದ್ದಾಳೆ, ಗಂಡ ಬೀರೇಶ ಬಸ್ಸಿನ ಡ್ರೈವರ್. ಅವರ ಮನೆದೇವಿಗೆ ಒಂದು ಬಂಗಾರದ ಬೋರಮಾಳ ಇದೆ, ಬೋರೆಹಣ್ಣಿನಂಥ ಮಣಿಗಳ ಸರ. ಅದು ಒಂದು ವರ್ಷ ಅಣ್ಣನ ಮನೆಯ ಜಗಲಿಯಲ್ಲಿ, ಮರುವರ್ಷ ತಮ್ಮನ ಮನೆಯಲ್ಲಿ. ಸರದಿ ಬದಲಾಗುವುದು ಶ್ರಾವಣದ ಮೊದಲ ವಾರ. ಕೈಯಿಂದ ಕೈಗೆ ಕೊಟ್ಟಾಗಲೆಲ್ಲ ಜಗಳ. ಇವಳು ಸರ ಗಿಡ್ಡ ಆಗಿದೆ ಎನ್ನುವುದು, ಅವಳು ನಿನ್ನ ಕಣ್ಣು ಗಿಡ್ಡ ಆಗಿದೆ ಎನ್ನುವುದು. ಇಬ್ಬರೂ ಮಾತು ಬಿಟ್ಟು ಮೂರು ವರ್ಷವಾಯಿತು. ಈ ಸಲ ಮಾಯಕ್ಕ ಒಂದು ಉಪಾಯ ಮಾಡಿದಳು. ನಡುವೆ ಸರ್ಕಾರ ನಿಂತರೆ ಯಾರೂ ತುಟಿ ಬಿಚ್ಚುವುದಿಲ್ಲವೆಂದು, ದೇವಿಯ ಸರವನ್ನು ವಿಮೆ ಮಾಡಿಸಿ ಪಾರ್ಸಲ್ ಹಾಕಿದಳು!

ಅವಳು ಹತ್ತಿರದ ಸಣ್ಣ ಅಂಚೆ ಕಚೇರಿಗೆ ಬಂದ ಚೆಂದವನ್ನು ಅಲ್ಲಿಯ ಗುಮಾಸ್ತ ನನಗೆ ಹೇಳಿದ. ಮುಚ್ಚಳ ಸಡಿಲಾದ ತಗಡಿನ ಡಬ್ಬಿ, ಅದರೊಳಗೆ ಕಂಬಳಿಯ ತುಂಡು, ಕಂಬಳಿಯೊಳಗೆ ಸರ. ಮೇಲೆ ಬಟ್ಟೆ ಹೊಲಿದು ಐದು ಕಡೆ ಅರಗಿನ ಮೊಹರು. ಗುಮಾಸ್ತ ಅದನ್ನು ತಕ್ಕಡಿಗೆ ಇಡಲು ಹೋದಾಗ ಮುದುಕಿ ಅವನ ಕೈ ಹಿಡಿದಳಂತೆ.

"ಏ ತಮ್ಮಾ, ದೇವಿನ್ನ ತಕ್ಕಡಿಗೆ ಹಾಕತಿಯೇನ? ಕೈ ಸೆಟದು ಹ್ವಾದೀತು."

"ಅಜ್ಜಿ, ದೇವಿನ್ನ ಯಾರ ತೂಗತಾರ? ನಾ ಬರೇ ಪಾರ್ಸಲ್ ತೂಗಾವ."

"ಹಂಗಾರ ಕಣ್ಣ ಮುಚ್ಚಿ ತೂಗು."

ಗುಮಾಸ್ತ ಒಂದು ಕಣ್ಣು ಮುಚ್ಚಿ ತೂಗಿದ. ಆರುನೂರ ಹದಿನೈದು ಗ್ರಾಂ. ಆಗಸ್ಟ್ ಮೂರನೇ ತಾರೀಖು.

ಚೀಲವನ್ನು ರಾಯಪ್ಪ ಸೈಕಲ್ಲಿಗೆ ಕಟ್ಟಿಕೊಂಡು ಖಾನಾಪುರಕ್ಕೆ ಹೊರಟ. ಆ ವಾರದ ಮಳೆ ನಿನಗೂ ನೆನಪಿರಬೇಕು. ಹಿಂದೆ ಹಳ್ಳ ಏರಿತು, ಮುಂದೆ ಹೊಳೆ ಏರಿತು. ನಡುವೆ ಅವನದೇ ಮನೆ. ಎರಡು ರಾತ್ರಿ ಚೀಲ ಅವನ ಮನೆಯಲ್ಲಿತ್ತು. ನೀರು ಇಳಿದ ಮೇಲೆ ತಂದು ಮುಟ್ಟಿಸಿದ. ಬೆಳಗಾವಿಯಲ್ಲಿ ತೂಗಿದರೆ ಐನೂರ ಎಪ್ಪತ್ತೇಳು. ಮೂವತ್ತೆಂಟು ಗ್ರಾಂ ಕಡಿಮೆ, ಅಂದರೆ ಮೂರು ತೊಲೆಗೂ ಮಿಕ್ಕ ಬಂಗಾರದ ಭಾರ! ಐದು ಮೊಹರುಗಳಲ್ಲಿ ಒಂದರ ಅಚ್ಚು ಕರಗಿದ ಹಾಗೆ ಮಸುಕಾಗಿತ್ತು.

ತೂಕ ಕಡಿಮೆ ಬಂದ ಪಾರ್ಸಲ್ಲನ್ನು ಪಡೆಯುವವರ ಎದುರಿಗೇ ಬಿಚ್ಚಬೇಕು. ನೀಲಾ, ಬೀರೇಶ ಇಬ್ಬರನ್ನೂ ಕರೆಸಿ ನಾನೇ ಹೊಲಿಗೆ ಕತ್ತರಿಸಿದೆ. ಡಬ್ಬಿ ತೆರೆದಾಗ ನೀಲಾ ಮೂಗು ಮುಚ್ಚಿಕೊಂಡು, "ಎಷ್ಟ ಹೊಗಿ ವಾಸನಿ! ಅಕ್ಕ ದೇವಿನ್ನ ಒಲ್ಯಾಗ ಇಟ್ಟಿದ್ಲೇನ?" ಎಂದಳು. ಮಳೆಗಾಲದಲ್ಲಿ ಖಾನಾಪುರದ ಕಡೆಯ ಎಲ್ಲ ಸಾಮಾನಿಗೂ ಹೊಗೆ ವಾಸನೆ ಎಂದು ನಾನು ಅದನ್ನು ಬರೆದುಕೊಳ್ಳಲೂ ಇಲ್ಲ. ಕಂಬಳಿ ಬಿಡಿಸಿದರೆ ಬೋರಮಾಳ ತಣ್ಣಗೆ ಮಲಗಿತ್ತು.

"ಎಣಿಸಿ ನೋಡ್ರಿ," ಎಂದೆ.

"ಅಯ್ಯ, ಬ್ಯಾಡ್ರಿ! ದೇವಿ ಮಣಿ ಎಣಿಸಬಾರದು."

"ಹಂಗಾರ ಸರ ಒಂದನ್ನ ತೂಗೂಣು."

"ಅದೂ ಆಗೂದಿಲ್ರಿ. ನಮ್ಮತ್ತಿ ಕಾಲದಿಂದ ಯಾರೂ ತೂಗಿಲ್ಲ."

"ಎಣಿಸೂದಿಲ್ಲ, ತೂಗೂದಿಲ್ಲ. ಮತ್ತ ಕಡಿಮಿ ಆಗೈತಿ ಅಂತ ಹೆಂಗ ಹೇಳತೀರಿ?"

"ನಾನೆಲ್ಲಿ ಹೇಳಿದ್ನಿ? ನಿಮ್ಮ ತಕ್ಕಡಿ ಹೇಳತೈತಿ."

ಬಲವಂತವಾಗಿ ಎಣಿಸೋಣವೆಂದರೂ ಮೊದಲು ಎಷ್ಟಿತ್ತು ಎನ್ನುವುದು ಯಾರಿಗೂ ಗೊತ್ತಿಲ್ಲ. ನಾನೂ ಕುರುಬನ ಮಗನೇ, ನನ್ನ ಬೆರಳೂ ಏಳಲಿಲ್ಲ. ಭೂತಕನ್ನಡಿ ತಂದು ಸರದ ದಾರವನ್ನು ನೋಡಿದೆ. ಕರಿ ಉಣ್ಣೆಯ ಹುರಿ. ಅದಕ್ಕೆ ಒಂದೇ ಗಂಟು, ಮಾಯಕ್ಕನ ಅತ್ತೆ ಹಾಕಿದ್ದು. ಆ ಗಂಟಿನ ಸಂದಿಯಲ್ಲಿ ಎಷ್ಟೋ ವರ್ಷದ ಭಂಡಾರದ ಅರಿಶಿನ ಎಣ್ಣೆಯ ಜೊತೆ ಸೇರಿ ಕಲ್ಲಾಗಿ ಕುಳಿತಿದೆ. ಬಿಚ್ಚಿ ಮತ್ತೆ ಕಟ್ಟಿದ್ದರೆ ಅದು ಪುಡಿಯಾಗಿ ಉದುರಬೇಕಿತ್ತು. ಹುರಿ ಎಲ್ಲೂ ಕಡಿದಿಲ್ಲ. ಒಂದು ಮಣಿಯೂ ಹೊರಗೆ ಹೋಗಿಲ್ಲವೆಂದು ನಾನು ಆಣೆ ಮಾಡಬಲ್ಲೆ.

ಮೇಲಿನ ಸಾಹೇಬರು ಒಪ್ಪಬೇಕಲ್ಲ? ಅವರು ಮೈಸೂರಿನ ಕಡೆಯವರು, ಒಳ್ಳೆಯ ಮನುಷ್ಯ, ಆದರೆ ಕಾಗದದ ಮನುಷ್ಯ. "ಗಂಟಿನ ಕಥೆ ಬೇಡ ಭರಮಣ್ಣ. ಗ್ರಾಂ ಎಲ್ಲಿ ಹೋಯ್ತು ಹೇಳಿ," ಎಂದರು. ತಕ್ಕಡಿಯ ಮಾತಿನ ಮೇಲೆ ನೀಲಾ ಬರೆದುಕೊಟ್ಟ ದೂರು ಹಿಡಿದು ರಾಯಪ್ಪನನ್ನು ಕೆಲಸದಿಂದ ದೂರ ಇಟ್ಟರು. ಚೀಲ ಎಲ್ಲಿಟ್ಟಿದ್ದೆ ಎಂದು ನಾನು ಅವನನ್ನು ಮೂರು ಸಲ ಕೇಳಿದೆ. "ಮೂಲ್ಯಾಗ ಇಟ್ಟಿದ್ನಿರಿ," ಎನ್ನುತ್ತಾನೆ, ನೆಲ ನೋಡುತ್ತಾನೆ. ಏನನ್ನೋ ಮುಚ್ಚುತ್ತಿದ್ದಾನೆ. ಆದರೆ ಕಳ್ಳರು ನೆಲ ನೋಡುವುದು ಬೇರೆ ಥರ, ಮೂವತ್ತು ವರ್ಷ ನೋಡಿದ್ದೇನೆ.

ಏನೂ ಕಳೆದಿಲ್ಲ, ಮೂವತ್ತೆಂಟು ಗ್ರಾಂ ಮಾತ್ರ ಕಳೆದಿದೆ! ಇಂಥ ವಿಚಿತ್ರ ಎಂದಾದರೂ ಕೇಳಿದ್ದೀಯಾ? ನಿನಗೇನಾದರೂ ಹೊಳೆದರೆ ಒಂದು ಸಾಲು ಬರೆ. ಹೊಳೆಯದಿದ್ದರೂ ಬರೆ.

ನಿಂಗವ್ವ ವೈನಿಗೆ ನಮಸ್ಕಾರ. ಪ್ರಸಾದ, ಐಶ್ವರ್ಯಾ ಈಗ ನನ್ನನ್ನು ಗುರುತಿಸಲಾರರು. ಇಬ್ಬರಿಗೂ ಆಶೀರ್ವಾದ.

ನಿನ್ನ
ಭರಮಣ್ಣ


ಖಾನಾಪುರ
4 ಸೆಪ್ಟೆಂಬರ್ 2000

ಗುರುಪುತ್ರಪ್ಪಾ,

ನಿನ್ನ ಕಾರ್ಡು ಬಂತು. ತಾರೀಖಿಲ್ಲ, ಶರಣಿಲ್ಲ, ಕೆಳಗೆ ಹೆಸರೂ ಇಲ್ಲ. "ಚೀಲ ಎಲ್ಲಿಟ್ಟಿದ್ದ ಎಂದು ರಾಯಪ್ಪನನ್ನು ಕೇಳಬೇಡ, ಅವನ ಹೆಂಡತಿಯನ್ನು ಕೇಳು." ಒಟ್ಟು ಅಷ್ಟೇ. ತ್ರಿವೇಣಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದೇನ್ರಿ, ಒಗಟ ಹಾಕ್ಯಾರೇನ ನಿಮಗ?" ಎಂದಳು. ಹದಿನಾಲ್ಕು ವರ್ಷದ ಮೇಲೆ ಅಷ್ಟು ಸಾಲಾದರೂ ಬಂತಲ್ಲ ಎಂದು ನಾನು ಅದನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡೇ ಖಾನಾಪುರದ ಬಸ್ಸು ಹತ್ತಿದೆ. ತಕ್ಷಣ ಉತ್ತರಿಸದಿದ್ದುದಕ್ಕೆ ಕ್ಷಮೆಯಿರಲಿ. ಹೇಳುವುದಕ್ಕೆ ಏನಾದರೂ ಕೈಗೆ ಸಿಗಲಿ ಎಂದು ಕಾದೆ. ಸಿಕ್ಕಿದೆ.

ರಾಯಪ್ಪ ಮನೆಯಲ್ಲಿರಲಿಲ್ಲ. ಹೆಂಡತಿ ಕಾಡವ್ವ ಒಲೆಯ ಮುಂದಿದ್ದಳು. ಒಲೆಯ ಮೇಲೆ ಸೂರಿನ ತೊಲೆಗೆ ಕಟ್ಟಿದ ಹಗ್ಗದ ನೆಲುವು, ಅದರಲ್ಲಿ ಒಂದು ಬುಟ್ಟಿ ಮೆಣಸಿನಕಾಯಿ ತೂಗುತ್ತಿತ್ತು.

"ಕುಂದರ್ರಿ ಸಾಹೇಬ್ರ. ಅಂವ ಗೌಡ್ರ ಗದ್ದ್ಯಾಗ ಕಳೆ ಕೀಳಾಕ ಹೋಗ್ಯಾನ. ಸರ್ಕಾರದ ಚೀಲ ಹೊತ್ತಾಂವ ಈಗ ಕಳೇದ ಬುಟ್ಟಿ ಹೊರತಾನ ನೋಡ್ರಿ. ಊರಾಗಿನ ಮಂದಿ ನನ್ನ ಕೊಳ್ಳ ನೋಡತಾರ, ಹೊಸಾ ಸರ ಏನರ ಬಂದೈತೇನ ಅಂತ."

ನೇರವಾಗಿ ಕೇಳಿದರೆ ಇವಳೂ ನೆಲ ನೋಡಿಯಾಳು ಎಂದು ನಾನು ನೆಲುವಿನ ಕಡೆ ಕೈ ತೋರಿಸಿದೆ.

"ಈ ಮಳ್ಯಾಗೂ ಮೆಣಸಿನಕಾಯಿ ಚಲೋ ಒಣಗ್ಯಾವಲ್ಲ ತಂಗಿ."

ಅವಳು ಊದುಕೊಳವೆ ಕೆಳಗಿಟ್ಟಳು. "ಆ ಸುದ್ದಿ ತಗೀಬ್ಯಾಡ್ರಿ, ಹೊಟ್ಟಿ ಉರಿತೈತಿ. ಅರ್ಧಕ್ಕರ್ಧ ಬೂಸ್ಟ ಹಿಡದು ಹ್ವಾದುವು. ಎರಡ ದಿನಾ, ರಾತ್ರಿ ಹಗಲ, ನನ್ನ ಕಾಯಿ ಬುಟ್ಟಿ ನೆಲಕ್ಕ ಇಳಿಸಿ ನಿಮ್ಮ ಚೀಲಾ ಅಲ್ಲಿ ಏರಿಸಿದ್ದಾ. ಕಾಯಿ ಕೆಡತಾವೋ ಅಂದ್ರ, 'ಕಾಯಿ ಮುಂದಿನ ವರ್ಷ ಮತ್ತ ಬೆಳಿತಾವ, ಮಂದಿ ಕಾಗದ ತೋದ್ರ ಎಲ್ಲಿಂದ ಬೆಳಿಯೂದು' ಅಂದಾ. ನನಗ ಒಲಿ ಸೈತ ಆರಸಾಕ ಬಿಡಲಿಲ್ಲ. ಮನಿ ಜಂತಿ ಎಲ್ಲಾ ಸೋರತೈತ್ರಿ, ಒಣಾ ಇರೂದು ಅದೊಂದ ಜಾಗಾ." ಅಷ್ಟು ಹೇಳಿ ತಟ್ಟನೆ ನನ್ನ ಮುಖ ನೋಡಿದಳು. "ಅಯ್ಯ ಶಿವನ! ಇದನ್ನ ಹೇಳಬಾರದಿತ್ತೇನ್ರಿ?"

ಅಷ್ಟರಲ್ಲಿ ರಾಯಪ್ಪ ಮೊಣಕಾಲ ತನಕ ಕೆಸರಿನಲ್ಲಿ ಬಂದು ಬಾಗಿಲಲ್ಲಿ ನಿಂತಿದ್ದ.

"ಹೇಳಿಬಿಟ್ಟಿಯೇನ?" ಎಂದ.

"ನಾ ಎಲ್ಲಿ ಹೇಳಿದ್ನಿ? ನಾ ನನ್ನ ಮೆಣಸಿನಕಾಯಿ ಸುದ್ದಿ ಹೇಳಿದ್ನಿ."

ಅವನು ಕೆಸರುಗಾಲಲ್ಲೇ ಹೊಸ್ತಿಲ ಮೇಲೆ ಕುಳಿತ. ಟಪಾಲು ಚೀಲವನ್ನು ಬೆಂಕಿಯ ಬಳಿ ಇಡಬಾರದೆಂದು ನಿಯಮವಿದೆ, ಸೇರಿದ ದಿನವೇ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡಿರುತ್ತಾರೆ. "ಕದ್ದಿಲ್ಲ ಅನ್ನೂದು ನನಗ ಗೊತ್ತೈತ್ರಿ, ಅದು ಯಾವತ್ತರ ಖರೇ ಆಗತೈತಿ. ಆದ್ರ ಒಲಿ ಮ್ಯಾಲ ಇಟ್ಟಿದ್ದು ಖರೇನ ಐತಲ್ರಿ. ಅದನ್ನ ಒಪ್ಪಿದ್ರ ಅವತ್ತ ನೌಕರಿ ಹೋಗತೈತಿ," ಎಂದ. ನೋಡು, ಮಾಡಿದ ಸಣ್ಣ ತಪ್ಪನ್ನು ಮುಚ್ಚಲು ಮಾಡದ ದೊಡ್ಡ ತಪ್ಪನ್ನು ತಿಂಗಳಿಡೀ ಹೊತ್ತಿದ್ದಾನೆ!

ಮೊಹರು ಮಸುಕಾದದ್ದು ಯಾಕೆಂದು ಗೊತ್ತಾಯಿತು. ಹೊಗೆಯ ವಾಸನೆಯೂ ಬಗೆಹರಿಯಿತು. ಆದರೆ ಗ್ರಾಂ? ಬೆಂಕಿಯ ಶಾಖಕ್ಕೆ ಬಂಗಾರ ಆರಿ ಹೋಗುವುದಿಲ್ಲ, ತಗಡೂ ಹೋಗುವುದಿಲ್ಲ. ಒದ್ದೆ ಇದ್ದದ್ದು ಏನಾದರೂ ಇರಬೇಕು. ಪಾರ್ಸಲ್ ಹಾಕುವಾಗ ಕಂಬಳಿ ಒದ್ದೆಯಿತ್ತೇ ಎಂದು ಗುಮಾಸ್ತನನ್ನು ಕೇಳಿದೆ. "ಇಲ್ರಿ, ಹೊಲಿಯೂಕಿಂತ ಮೊದಲ ಮುಟ್ಟಿ ನೋಡೇನಿ, ಒಣಗಿತ್ತು," ಎಂದ.

ನಂದಗಡದಲ್ಲಿ ಬಸ್ಸು ಕಾಯುತ್ತ ನಿಂತಾಗ ನಮ್ಮಪ್ಪ ನೆನಪಾದ. ಉಣ್ಣೆ ಮಾರಲು ಅಪ್ಪ ಇದೇ ಸಂತೆಗೆ ನಸುಕಿನಲ್ಲಿ ಹೊರಡುತ್ತಿದ್ದ, ಇಬ್ಬನಿ ಇರುವಾಗಲೇ ತೂಗಿಸಬೇಕೆಂದು. ವ್ಯಾಪಾರಿಯೇನು ದಡ್ಡನೇ? "ಬಾ ಮಾವಾ, ಚಾ ಕುಡಿ" ಎಂದು ಕೂಡಿಸಿ, ಉಣ್ಣೆಯನ್ನು ಬಿಸಿಲಿಗೆ ಹರಡಿ, ಮಧ್ಯಾಹ್ನದ ತನಕ ತಕ್ಕಡಿ ಮುಟ್ಟುತ್ತಿರಲಿಲ್ಲ. ಅಪ್ಪ ನಾಲ್ಕು ಚಹಾ ಕುಡಿದು ಉಣ್ಣೆ ಹಗುರಾಗುವುದನ್ನು ನೋಡುತ್ತ ಕೂರುತ್ತಿದ್ದ. ಉಣ್ಣೆ ಎಷ್ಟು ನೀರು ಕುಡಿದರೂ ಕೈಗೆ ಗುಟ್ಟು ಬಿಡುವುದಿಲ್ಲ ಗುರುಪುತ್ರಪ್ಪಾ. ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ. ಅದು ತಕ್ಕಡಿಗೆ ಮಾತ್ರ ತಿಳಿಯುತ್ತದೆ.

ಬಂದ ಬಸ್ಸನ್ನು ಬಿಟ್ಟು ಮೇಲಿನಹಟ್ಟಿಗೆ ಹೋದೆ. ಮಾಯಕ್ಕ ಕಟ್ಟೆಯ ಮೇಲೆ ಕುಳಿತು ನೂಲು ತೆಗೆಯುತ್ತಿದ್ದಳು.

"ಯವ್ವಾ, ಸರ ಕಟ್ಟೂಮುಂದ ಕಂಬಳಿ ತುಂಡಿಗೆ ನೀರ ಹಾಕಿದ್ರೇನ?"

ಅವಳು ತಕಲಿ ನಿಲ್ಲಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ದೇವಿ ಹೊಸ್ತಿಲ ದಾಟೂಮುಂದ ಒಣಾ ಕಂಬಳಿಮ್ಯಾಲ ಕುಂದರಸ್ತಾರೇನ? ತಂಬಿಗಿ ನೀರಾಗ ಭಂಡಾರ ಕಲಸಿ ಹೊಡದು, ಹಿಂಡಿ, ಕೊಡವಿ ಹಾಸೂದು. ನೀ ಕುರಬರ ಮನ್ಯಾಗ ಹುಟ್ಟೀದಿಯೋ, ಟಪಾಲಿನ ಡಬ್ಬ್ಯಾಗ ಹುಟ್ಟೀದಿಯೋ?"

ನಾಚಿಕೆಯಾಯಿತು. ನನ್ನ ಅವ್ವನೂ ಹೀಗೆಯೇ ಮಾಡುತ್ತಿದ್ದಳು. ಟಿಳಕವಾಡಿಯ ಕಾಂಕ್ರೀಟಿನ ಮನೆಯಲ್ಲಿ ಕುಳಿತು ಮರೆತೇ ಹೋಗಿತ್ತು.

ಇಷ್ಟಾದರೂ ಸಾಹೇಬರ ಮುಂದೆ ಇದು ಮಾತು ಮಾತ್ರ. ತೂಗಿ ತೋರಿಸಬೇಕು. ಇನ್ನು ಹನ್ನೊಂದು ದಿನವಿದೆ. ಒಂದು ಸಂಗತಿ ಮಾತ್ರ ನನಗೆ ತಿಳಿಯುತ್ತಿಲ್ಲ: ಅವನ ಹೆಂಡತಿಯನ್ನೇ ಕೇಳಬೇಕೆಂದು ಕಾಕತಿಯಲ್ಲಿ ಗಿರಣಿಯ ಮುಂದೆ ಕುಳಿತವನಿಗೆ ಹೇಗೆ ಹೊಳೆಯಿತು?

ವೈನಿಗೆ, ಮಕ್ಕಳಿಗೆ ನನ್ನ ನೆನಪು ಹೇಳು.

ನಿನ್ನ
ಭರಮಣ್ಣ


ಟಿಳಕವಾಡಿ, ಬೆಳಗಾವಿ
16 ಸೆಪ್ಟೆಂಬರ್ 2000

ಪ್ರೀತಿಯ ಗುರುಪುತ್ರಪ್ಪನಿಗೆ,

ಭರಮಣ್ಣನ ಶರಣು. ಈ ಸಲ ನಿನ್ನ ಕಾರ್ಡು ಬರಲಿಲ್ಲ. ಬರಬೇಕೆಂದು ಕೇಳುವ ಹಕ್ಕು ನನಗೂ ಇಲ್ಲ. ನಿನ್ನೆ ವಿಚಾರಣೆ ಮುಗಿಯಿತು. ನಿನಗೆ ಹೇಳದೆ ಇನ್ನಾರಿಗೆ ಹೇಳಲಿ?

ನೀಲಾಳಿಂದ ಅದೇ ಕಂಬಳಿ ತುಂಡನ್ನು ಇಸಿದುಕೊಂಡು ಮತ್ತೆ ಮೇಲಿನಹಟ್ಟಿಗೆ ಹೋದೆ. ಮಾಯಕ್ಕ ಅದೇ ತಂಬಿಗೆಯಿಂದ ನೀರು ಹೊಡೆದು, ಹಿಂಡಿ, ಕೊಡವಿ ಕೊಟ್ಟಳು. ಗುಮಾಸ್ತನ ಎದುರು ತೂಗಿದರೆ ಇನ್ನೂರ ಎಂಬತ್ತೊಂದು ಗ್ರಾಂ. ಡಬ್ಬಿಯಲ್ಲಿಟ್ಟು, ಹೊಲಿಸಿ, ಮೊಹರು ಹಾಕಿಸಿ, ಚೀಲಕ್ಕೆ ಸೇರಿಸಿ ಕಾಡವ್ವನ ಮನೆಗೆ ಒಯ್ದೆ. "ಮತ್ತ ನನ್ನ ಬುಟ್ಟಿ ಇಳಸೂದೇನ್ರಿ?" ಎಂದು ಅವಳು ಸೊಂಟಕ್ಕೆ ಕೈಯಿಟ್ಟು ನಿಂತಳು. ಗಂಡನ ನೌಕರಿಗಾಗಿ ಎಂದಾಗ, "ಹಂಗಾರ ನಾಕ ದಿನಾ ಬೇಕಾದ್ರ ಇಡ್ರಿ," ಎಂದು ತಾನೇ ಬುಟ್ಟಿ ಇಳಿಸಿದಳು. ಎರಡೇ ರಾತ್ರಿ ಇಟ್ಟೆ. ಆಮೇಲೆ ಮೊಹರು ಮುಟ್ಟದೆ ಬೆಳಗಾವಿಗೆ ತಂದೆ.

ನಿನ್ನೆ ಸಾಹೇಬರ ಮೇಜಿನ ಮೇಲೆ ತಕ್ಕಡಿ. ಒಂದು ಕಡೆ ರಾಯಪ್ಪ ಕೈಕಟ್ಟಿ ನಿಂತಿದ್ದ, ಇನ್ನೊಂದು ಕಡೆ ನೆಗೆಣ್ಣಿಯರಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಬೆಂಚಿನ ಎರಡು ತುದಿಗೆ ಕುಳಿತಿದ್ದರು. ಸಾಹೇಬರು ತಾವೇ ಡಬ್ಬಿ ಬಿಚ್ಚಿ ಕಂಬಳಿ ತೂಗಿದರು. ಇನ್ನೂರ ನಲವತ್ತು! ಅಂದರೆ ನಲವತ್ತೊಂದು ಗ್ರಾಂ ನೀರು ಹೊಗೆಯ ಜೊತೆ ಸೂರಿನಿಂದ ಹೊರಗೆ ಹೋಗಿತ್ತು.

ಸಾಹೇಬರು ಕನ್ನಡಕ ಏರಿಸಿದರು. "ಏನ್ರೀ ಭರಮಣ್ಣ, ಕಳೆದದ್ದು ಮೂವತ್ತೆಂಟು. ನಿಮ್ಮ ಲೆಕ್ಕದಲ್ಲಿ ಮೂರು ಗ್ರಾಂ ಹೆಚ್ಚಾಯಿತಲ್ಲ?"

ನನಗೆ ತಡೆಯಲಾಗಲಿಲ್ಲ. "ಹಂಗಾರ ರಾಯಪ್ಪ ಮೂರು ಗ್ರಾಂ ಬಂಗಾರ ತನ್ನ ಪದರಿನಿಂದ ಹಾಕ್ಯಾನಂತ ಬರಕೋರಿ ಸಾಹೇಬ್ರ," ಎಂದೆ.

ಅವರು ಬೆಳಗಾವಿಗೆ ಬಂದ ಮೇಲೆ ನಕ್ಕದ್ದನ್ನು ಮೊದಲ ಸಲ ನೋಡಿದೆ. ಆಮೇಲೆ ನೀಲಾಳ ಕಡೆ ತಿರುಗಿ, "ನಿಮ್ಮ ಸರದಿಂದ ನಿಜವಾಗಿ ಏನಾದರೂ ಕಳೆದಿದೆಯೇನಮ್ಮ?" ಎಂದು ಕೇಳಿದರು.

"ಗಂಟ ನಮ್ಮತ್ತಿ ಹಾಕಿದ್ದ ಐತ್ರಿ. ಬಿಚ್ಚಿಲ್ಲ. ಅದನ್ನ ನಾ ಅವತ್ತ ನೋಡಿದ್ನಿ."

"ಅವತ್ತೇ ನೋಡಿದ್ದರೆ ದೂರು ಯಾಕೆ ಕೊಟ್ಟಿರಿ?"

"ಸರ್ಕಾರದ ತಕ್ಕಡಿ ಸುಳ್ಳ ಹೇಳತೈತೇನ್ರಿ? ನನ್ನ ಕಣ್ಣ ತಪ್ಪಿರಬೇಕ ಅಂದ್ಕೊಂಡ್ನಿ."

ಬೆಂಚಿನ ಇನ್ನೊಂದು ತುದಿಯಿಂದ ಮಾಯಕ್ಕ ಮೂರು ವರ್ಷದ ಮೇಲೆ ಬಾಯಿ ಬಿಟ್ಟಳು. "ತಕ್ಕಡಿ ಮಾತ ಕೇಳತಿ, ನನ್ನ ಮಾತ ಕೇಳೂದಿಲ್ಲ?"

"ನೀ ಮಾತಾಡಿದ್ರಲ್ಲ ಅಕ್ಕಾ ಕೇಳೂದು!"

ಅಲ್ಲಿಂದ ಶುರುವಾದದ್ದು ಸಾಹೇಬರು ಗಂಟೆ ಬಾರಿಸಿದರೂ ನಿಲ್ಲಲಿಲ್ಲ. ಹೊರಗೆ ಚಹಾದ ಅಂಗಡಿಯವರೆಗೂ ಜಗಳವಾಡುತ್ತ ಇಬ್ಬರೂ ಒಟ್ಟಿಗೇ ನಡೆದು ಹೋದರು. ಮುಂದಿನ ಸರದಿಗೆ ದೇವಿ ಬಸ್ಸಿನಲ್ಲಿ ಬರುತ್ತಾಳೋ ಟಪಾಲಿನಲ್ಲೋ ದೇವಿಗೇ ಗೊತ್ತು.

ರಾಯಪ್ಪನಿಗೆ ಸೋಮವಾರದಿಂದ ಮತ್ತೆ ಚೀಲ. ಬೆಂಕಿಯ ಬಳಿ ಟಪಾಲು ಇಟ್ಟದ್ದಕ್ಕೆ ಒಂದು ಎಚ್ಚರಿಕೆಯ ಪತ್ರ ಕೊಟ್ಟರು. ಅವನು ಅದನ್ನು ವರಾಂಡದಲ್ಲಿ ನನ್ನ ಕೈಗಿತ್ತು, "ಓದ್ರಿ ಸಾಹೇಬ್ರ," ಎಂದ. ಓದಿದೆ. "ಇನ್ನೊಮ್ಮಿ ಓದ್ರಿ," ಎಂದ. ಮತ್ತೆ ಓದಿದೆ. "ಎಲ್ಲ್ಯೂ ಕಳ್ಳ ಅಂತ ಇಲ್ಲಲ್ರಿ?" ಎಂದು ಕೇಳಿದ. ಎಲ್ಲೂ ಇಲ್ಲ ಎಂದೆ. ಬೈಗುಳದ ಪತ್ರವನ್ನು ಅಷ್ಟು ಜೋಪಾನವಾಗಿ ಮಡಚಿ ಕಿಸೆಗೆ ಇಟ್ಟುಕೊಂಡವನನ್ನು ನಾನು ನೋಡಿಲ್ಲ.

ಮಳೆ ಕಡಿಮೆಯಾಗಿದೆ. ತ್ರಿವೇಣಿ ನಿಂಗವ್ವ ವೈನಿಯನ್ನು ಬಹಳ ನೆನೆಯುತ್ತಾಳೆ. ಪ್ರಸಾದ ಗಿರಣಿಯನ್ನು ಚೆನ್ನಾಗಿ ನಡೆಸಲಿ. ಐಶ್ವರ್ಯಾಳ ಓದು ಮುಂದುವರಿಯಲಿ. ನಿಮ್ಮ ಮನೆಯಲ್ಲಿ ಎಲ್ಲರೂ ನೂರು ಕಾಲ ಸುಖವಾಗಿರಿ.

ನಿನ್ನ
ಭರಮಣ್ಣ

ತಾ.ಕ.: ಲಕೋಟೆಗೆ ಅಂಟು ಹಚ್ಚಿದವನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಆ ವರಾಂಡದಲ್ಲಿ ನಿಂತಾಗ ನಿನ್ನ ಕಾರ್ಡು ನನಗೆ ಪೂರ್ತಿ ಅರ್ಥವಾಯಿತು. ಹೆಂಡತಿಯನ್ನು ಕೇಳು ಎಂದೆಯಲ್ಲ, ಎಂಬತ್ತಾರರ ಮಳೆಯಲ್ಲಿ ನೀನೂ ಚೀಲವನ್ನು ವೈನಿಯ ಒಲೆಯ ಮೇಲೆ ತೂಗುಹಾಕಿದ್ದೆ. ನೀನೂ ಅದನ್ನು ಮುಚ್ಚಿಟ್ಟೆ. ಉಣ್ಣೆಯ ಕುಲಾವಿ, ಹೊದಿಕೆ ತುಂಬಿದ್ದ ಆ ಬಾಣಂತಿಯ ಪಾರ್ಸಲ್ಲಿನಲ್ಲಿ ಮೂವತ್ತು ಗ್ರಾಂ ಕಡಿಮೆ ಬಂತು, ಬೆಳ್ಳಿ ಕಾಲುಂಗುರ ಇಲ್ಲವೆಂದು ಅವರು ಕೂಗಿದರು, ನಿನ್ನ ನೌಕರಿ ಹೋಯಿತು. ತೂಗಿ ಬರೆದವನು ನಾನು. ಅದು ನನ್ನ ಕೆಲಸ, ಅದಕ್ಕಾಗಿ ನೀನು ನನ್ನ ಮೇಲೆ ಸಿಟ್ಟಾಗಲಿಲ್ಲವೆಂದು ನನಗೆ ಗೊತ್ತು. ನೀನು ಕೌಂಟರಿನ ಆಚೆಯಿಂದ ಒಂದೇ ಮಾತು ಕೇಳಿದ್ದೆ: "ಭರಮ್ಯಾ, ಮಂದಿ ಏನರ ಅನ್ಲಿ, ನೀನರ ನನ್ನ ನಂಬತಿ ಇಲ್ಲೊ?" ನಾನು ನಿನ್ನ ಮುಖ ನೋಡಲಿಲ್ಲ. "ತಕ್ಕಡಿ ಹೇಳತೈತಲ್ಲೊ" ಎಂದೆ. ನಿನ್ನೆ ನೀಲಾ ಅದೇ ಮಾತು ಹೇಳಿದಾಗ ಎಲ್ಲರೂ ನಕ್ಕರು, ನಾನೊಬ್ಬನೇ ನಗಲಿಲ್ಲ.

ಒಲೆಯ ಗುಟ್ಟು ನಿನಗೆ ಗಿರಣಿ ಹಾಕಿದ ಮೊದಲ ಮಳೆಗಾಲದಲ್ಲೇ, ಜೋಳದ ತೂಕ ಏರಿಳಿಯುವುದನ್ನು ನೋಡಿ ಹೊಳೆದಿರಬೇಕು. ಅಂದೇ ಬರೆದು ನನ್ನ ಮುಖಕ್ಕೆ ಎಸೆಯಬಹುದಿತ್ತು. ನೀನು ಬರೆಯಲಿಲ್ಲ, ನಾನು ಕೇಳಲಿಲ್ಲ. ಆ ಕಾಲುಂಗುರ ಎಲ್ಲಿ ಹೋಯಿತೋ ಇಂದಿಗೂ ಗೊತ್ತಿಲ್ಲ, ಕಾಗದಪತ್ರಗಳನ್ನು ಹುಡುಕಿದೆ, ಗೆದ್ದಲು ತಿಂದಿವೆ. ಅದು ಇನ್ನು ಯಾರಿಂದಲೂ ಸಾಬೀತಾಗುವುದಿಲ್ಲ. ಆದ್ದರಿಂದ ಸಾಬೀತಿಲ್ಲದೆಯೇ ಹೇಳುತ್ತಿದ್ದೇನೆ, ಅಂದು ಹೇಳಬೇಕಾಗಿದ್ದ ಹಾಗೆ: ನಂಬತೇನೋ ಗುರುಪುತ್ರಪ್ಪಾ.